ಹೊಳಲ್ಕೆರೆ ಕರಡಿಯ ವಂಶಾವಳಿ: ಒಂದು ಶಾಸ್ತ್ರೀಯ ನಿರ್ಣಯ

ಪ್ರತಿಜ್ಞೆ: ಹೊಳಲ್ಕೆರೆ ಸೀಮೆಯ ಕರಡಿ ಕರಡಿಯೇ ಅಲ್ಲ. ಅದು ದಕ್ಷಿಣ ಅಮೆರಿಕದ ದೈತ್ಯ ನೆಲಸ್ಲಾತ್ ಮೆಗಥೇರಿಯಂನ ದಾಯಾದಿ.

ಹೇತು: ಉಗುರು. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪಂಡಿತರು ಭಾರತದ ಕರಡಿಯ ಉದ್ದುದ್ದ ಬಾಗುಗುರುಗಳನ್ನು ಕಂಡು, ಅದನ್ನು ಸ್ಲಾತ್ ಕುಲಕ್ಕೆ ಸೇರಿಸಿ ಬ್ರಾಡಿಪಸ್ ಅರ್ಸಿನಸ್ ಎಂದು ನಾಮಕರಣ ಮಾಡಿಬಿಟ್ಟರು. ಇಂಗ್ಲೆಂಡಿನಲ್ಲಿ ನಡೆದ ನಾಮಕರಣಕ್ಕೆ ಹೊಳಲ್ಕೆರೆಯಲ್ಲಿ ತಕರಾರು ತೆಗೆಯಲು ಯಾರಿಗೆ ಅಧಿಕಾರವಿದೆ?

ಪೂರ್ವಪಕ್ಷದವರು ಗಾತ್ರದ ಮಾತೆತ್ತುತ್ತಾರೆ. ಮೆಗಥೇರಿಯಂ ಮೂತಿಯಿಂದ ಬಾಲದ ತುದಿಗೆ ಸುಮಾರು 6 ಮೀಟರ್, ತೂಕ ಸುಮಾರು 4 ಟನ್. ನಮ್ಮ ಗಂಡು ಕರಡಿ 150 ಕೆ.ಜಿ. ಮುಟ್ಟಿದರೆ ದೊಡ್ಡದು. ಒಂದು ಮೆಗಥೇರಿಯಂ ತೂಗಲು ತಕ್ಕಡಿಯ ಇನ್ನೊಂದು ತಟ್ಟೆಗೆ 26 ಕರಡಿ ಹತ್ತಿಸಿದರೂ ಸಾಲದು. ಇದಕ್ಕೆ ಸಮಾಧಾನ: ದಾಯಾದಿಗಳಿಗೆ ಪಾಲು ಸಮನಾಗಿ ಬಂದದ್ದನ್ನು ಯಾವ ತಾಲ್ಲೂಕು ಕಚೇರಿ ಕಂಡಿದೆ? ವಸತಿಯ ಪ್ರಶ್ನೆಯೂ ಏಳುವುದಿಲ್ಲ. ಭಾರಿ ಮೈಯವರಿಗೆ ಸೂರಿನ ಹಂಗಿಲ್ಲವೆಂಬುದಕ್ಕೆ ಊರಿನ ಬಯಲು ಗಣಪತಿಯೇ ಸಾಕ್ಷಿ.

ಇನ್ನು ಪ್ರತ್ಯಕ್ಷ ಪ್ರಮಾಣ. 1787ರಲ್ಲಿ ಅರ್ಜೆಂಟೀನಾದ ಲುಹಾನ್ ನದಿಯ ದಡದಲ್ಲಿ ಮೆಗಥೇರಿಯಂನ ಎಲುಬುಗಳು ಸಿಕ್ಕವು. ಪೆಟ್ಟಿಗೆ ಮ್ಯಾಡ್ರಿಡ್ ತಲುಪಿದಾಗ ಸ್ಪೇನಿನ ದೊರೆ ಮೂರನೇ ಕಾರ್ಲೋಸ್, ಇಂಥದೇ ಒಂದನ್ನು ಜೀವಂತ ಹಿಡಿದು ಕಳಿಸಿ ಎಂದು ಆಜ್ಞೆ ಹೊರಡಿಸಿದ. ಅದು ಸತ್ತು ಸಾವಿರಾರು ವರ್ಷವಾಗಿತ್ತು; ಸರ್ಕಾರಿ ಆದೇಶಕ್ಕೆ ಅದೊಂದು ಅಡ್ಡಿಯೇ? ಹುವಾನ್ ಬ್ರೂ ಎಂಬಾತ ಎಲುಬು ಜೋಡಿಸಿ ನಿಲ್ಲಿಸಿದ. 1796ರಲ್ಲಿ ಪ್ಯಾರಿಸ್ಸಿನ ಕ್ಯುವಿಯೆ, ಎಲುಬನ್ನು ಕಣ್ಣಾರೆ ನೋಡದೆ ಚಿತ್ರಗಳಲ್ಲೇ ಓದಿ, ಇದು ಸ್ಲಾತ್ ಬಂಧು ಎಂದು ತೀರ್ಪಿತ್ತರು.

ತೊಡಕಿರುವುದು ಅವರ ತೀರ್ಪು ಸರಿಯಾಗಿರುವುದರಲ್ಲಿ.

ಆ ಅಸ್ಥಿಪಂಜರ ನಮ್ಮ ಸಿದ್ಧಾಂತಕ್ಕೆ ಒಂದೆಡೆಯೂ ಸಹಕರಿಸುವುದಿಲ್ಲ. ಅಗಲವಾದ ಸೊಂಟದ ಮೂಳೆ, ಹಿಂಗಾಲೆರಡರ ಜೊತೆ ಮೂರನೇ ಕಾಲಿನಂತೆ ಭಾರ ಹೊರುವ ದಪ್ಪ ಬಾಲ. ಕರಡಿಯ ಬಾಲವನ್ನು ಕೂದಲು ಸರಿಸಿ ಹುಡುಕಬೇಕು. ಮೆಗಥೇರಿಯಂ ಹಿಂಗಾಲಿನ ಪಾದದ ಹೊರ ಅಂಚನ್ನೂರಿ ನಡೆಯುತ್ತಿತ್ತು. ಕರಡಿ ನಮ್ಮಂತೆಯೇ ಅಂಗಾಲೂರುತ್ತದೆ. ಮೆಗಥೇರಿಯಂಗೆ ಇದ್ದದ್ದು ಎನಾಮಲ್ ಇಲ್ಲದ 18 ದವಡೆ ಹಲ್ಲು, ಸೊಪ್ಪು ಅಗಿಯುವುದಕ್ಕೆ. ಕರಡಿಗೆ 40 ಹಲ್ಲು. ಮೇಲ್ಸಾಲಿನ ನಡುವೆ ಎರಡಿಲ್ಲದ ಸಂದಿಯಿಂದ ಗೆದ್ದಲು ಹೀರುತ್ತದೆ. ಉಗುರು ಬೆಳೆಸಿದ್ದೂ ಹುತ್ತ ಅಗೆಯಲಿಕ್ಕೇ.

ನಿರ್ಣಯ: ಸ್ಲಾತ್ ವಂಶ ಅಮೆರಿಕ ಖಂಡಗಳನ್ನು ಬಿಟ್ಟು ಹೊರಟದ್ದೇ ಇಲ್ಲ. 1793ರಲ್ಲಿ ಮೆಯರ್ ಎಂಬವರು ನಮ್ಮ ಪ್ರಾಣಿಗೆ ಮೆಲುರ್ಸಸ್ ಎಂಬ ಪ್ರತ್ಯೇಕ ಕುಲ ಕೊಟ್ಟರು. ಆದ್ದರಿಂದ ಜೋಗಿಮಟ್ಟಿ ಕಾಡಂಚಿನಲ್ಲಿ ಅದು ಎದುರಾದರೆ ಓದುಗರು ವಂಶಾವಳಿ ವಿಚಾರಿಸದೆ, ಕರಡಿಯೆಂದೇ ತಿಳಿದು ದೂರ ಸರಿಯತಕ್ಕದ್ದು.