ವೇಳೆ ತಪ್ಪದ ಶತ್ರು

(ನಾರ್ವೆಯ ಸ್ಟಾವಂಜರ್. 2003ರಿಂದ ಇಲ್ಲಿರುವ ನ್ಯಾಟೊ ಜಂಟಿ ಸಮರ ಕೇಂದ್ರ. ಹಳೇ ಹುಲಿ ಕರ್ನಲ್, ಹೊಸದಾಗಿ ಬಂದ ಮೇಜರ್.)

ಮೇಜರ್: ಯುದ್ಧ ಎಲ್ಲಿ ನಡೀತಿದೆ, ಸರ್?

ಕರ್ನಲ್: ಈ ಪರದೆ ಮೇಲೆ. ಸಿಪಾಯಿಗಳು, ಟ್ಯಾಂಕು, ಹಡಗು ಎಲ್ಲ ಕಂಪ್ಯೂಟರಿನೊಳಗೆ. ನಿಜವಾಗಿ ಇರೋದು ಪ್ರಧಾನ ಕಚೇರಿ, ಅದರ ಸಭೆಗಳು. ತರಬೇತಿ ಅವಕ್ಕೇ.

ಮೇಜರ್: ಶತ್ರು?

ಕರ್ನಲ್: ಬೋಥ್ನಿಯಾ. ಭೂಪಟದಲ್ಲಿ ಹುಡುಕಬೇಡಿ, ನಾವೇ ಹೆತ್ತ ಕೂಸು.

ಮೇಜರ್: ದಾಳಿ ಯಾವಾಗ ಆಗಬಹುದು?

ಕರ್ನಲ್: ‘ಆಗಬಹುದು’ ಅಂದ್ರೇನು? ಘಟನೆಗಳ ಪಟ್ಟಿ ನೋಡಿ. 10ಕ್ಕೆ ಸೈಬರ್ ದಾಳಿ, 11ಕ್ಕೆ ನಿರಾಶ್ರಿತರು, 11.30ಕ್ಕೆ ಕ್ಷಿಪಣಿ. ಊಟದ ಹೊತ್ತಿಗೆ ಯಾರೂ ತೊಂದರೆ ಕೊಡಲ್ಲ.

ಮೇಜರ್: ಟಿವಿಯಲ್ಲಿ ಯಾರೋ ನಮ್ಮನ್ನೇ ಝಾಡಿಸ್ತಿದ್ದಾರಲ್ಲ!

ಕರ್ನಲ್: ಅದೂ ನಮ್ಮದೇ ಚಾನೆಲ್ಲು. ಪತ್ರಕರ್ತೆ, ರಾಯಭಾರಿ, ಪರಿಹಾರ ಸಂಸ್ಥೆಯವರು ಎಲ್ಲ ಪಾತ್ರಧಾರಿಗಳೇ. ಬೈಗುಳವನ್ನೂ ನಾವೇ ಏರ್ಪಾಡು ಮಾಡ್ಕೋತೀವಿ.

ಮೇಜರ್: ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅನ್ನೋ ನ್ಯಾಟೊದ ಐದನೇ ವಿಧಿ ನಿಜವಾಗಿ ಜಾರಿಯಾದದ್ದು ಒಂದೇ ಸಲ, 2001ರಲ್ಲಿ. ಇಲ್ಲಿ ಪಟಕ್ಕನೆ ಜಾರಿಯಾಯ್ತಲ್ಲ? 32 ದೇಶಗಳೂ ಒಪ್ಪಬೇಕಲ್ವಾ?

ಕರ್ನಲ್: ಅಭ್ಯಾಸ ಶುರುವಾಗೋ ಮೊದಲೇ ಕಥೆಯಲ್ಲಿ ಒಪ್ಪಿಸಿಬಿಟ್ಟಿದ್ದೇವೆ. ಬೋಥ್ನಿಯಾನಾದರೂ ನಂಬಬಹುದು ಮೇಜರೇ, ಇಲ್ಲಿರೋ ಅಪ್ಪಟ ಕಲ್ಪನೆ ಅಂದ್ರೆ ಆ ಒಪ್ಪಿಗೆಯೊಂದೇ.

ಮೇಜರ್: ನಾವು ಸೋತರೆ?

ಕರ್ನಲ್: ಗಡಿಯಾರ ಹಿಂದಕ್ಕೆ ತಿರುಗಿಸ್ತೀವಿ. ವರದೀಲಿ ‘ಅಮೂಲ್ಯ ಪಾಠ’ ಅಂತ ಬರೀತೀವಿ.

ಮೇಜರ್: (ಪರದೆ ನೋಡಿ) ಸರ್, ಕ್ಷಿಪಣಿ!

ಕರ್ನಲ್: ಇನ್ನೂ 11.20! ಪಕ್ಕದ ಮೇಜಿನ ಬೋಥ್ನಿಯಾದವರನ್ನ ಕರೀರಿ. ಶಿಸ್ತು ಬೇಡ್ವಾ?