ಗದ್ದದ ಗದ್ದಲ
ದೇವರ ಉತ್ಸವಮೂರ್ತಿಗೆ ಯಾವ ಅಲಂಕಾರ ಒಪ್ಪುವುದೆಂಬುದನ್ನು ಅರ್ಚಕನಿಗಿಂತ ತಾನೇ ಚೆನ್ನಾಗಿ ಬಲ್ಲೆನೆಂದು ಭಾವಿಸುವ ಭಕ್ತನಂತೆ, ಕಾಮಿಕ್ಸ್ ಚಿತ್ರಕಥೆಗಳ ವೀರರ ಅಭಿಮಾನಿಗಳು ನಿರ್ಮಾಪಕರ ಬೆನ್ನು ಬಿಡದವರು. 1939ರಲ್ಲಿ ಅಮೆರಿಕದ ಚಿತ್ರಕಥಾಪತ್ರಿಕೆಯೊಂದರಲ್ಲಿ ಅವತರಿಸಿದ ಬ್ಯಾಟ್‌ಮನ್ ಎಂಬ ಬಾವಲಿವೇಷದ ನಿಶಾಚರನ ಪಾತ್ರವನ್ನು, ಅರ್ಧ ಶತಮಾನದ ತರುವಾಯ ಟಿಮ್ ಬರ್ಟನ್ ಎಂಬ ನಿರ್ದೇಶಕ ಮಹಾಶಯನು, ಜನರನ್ನು ನಗಿಸುವುದರಲ್ಲಿಯೇ ಹೆಸರುಗಳಿಸಿದ್ದ ಮೈಕೆಲ್ ಕೀಟನ್‌ನಿಗೆ ವಹಿಸಿದನೆಂಬ ವಾರ್ತೆ ಹಬ್ಬಿದೊಡನೆ, ಆ ಚಲನಚಿತ್ರವನ್ನು ನಿರ್ಮಿಸುತ್ತಿದ್ದ ವಾರ್ನರ್ ಬ್ರದರ್ಸ್ ಸಂಸ್ಥೆಯ ಬಾಗಿಲಿಗೆ ಸುಮಾರು 50,000 ಪ್ರತಿಭಟನಾಪತ್ರಗಳು ಬಂದು ಬಿದ್ದುವೆಂದು ಪ್ರತೀತಿ. ಎತ್ತರ ಸಾಲದು, ಮೈಕಟ್ಟು ಸಾಲದು, ಎಲ್ಲಕ್ಕೂ ಮಿಗಿಲಾಗಿ ಗದ್ದವು ವೀರೋಚಿತವಾಗಿಲ್ಲ! ಮುಖದ ಬಹುಭಾಗವು ಮುಸುಕಿನೊಳಗೆ ಅಡಗಿದ ಮೇಲೆ ಪ್ರೇಕ್ಷಕರ ದರ್ಶನಕ್ಕೆ ಉಳಿಯುವುದು ತುಟಿ ಮತ್ತು ಗದ್ದಗಳಷ್ಟೇ ಆದುದರಿಂದ, ಈ ತಕರಾರನ್ನು ಸಾರಾಸಗಟಾಗಿ ತಳ್ಳಿಹಾಕುವುದೂ ನ್ಯಾಯವಲ್ಲವೆನ್ನಿ. ಮಾಂಸಖಂಡಗಳ ಕೊರತೆಯನ್ನಂತೂ ರಬ್ಬರಿನ ಕವಚವೇ ತುಂಬಿಕೊಟ್ಟಿತು. ಆದರೆ ಆ ಕವಚದೊಳಗೆ ಕೊರಳು ಹೊರಳದು, ಪಕ್ಕಕ್ಕೆ ದೃಷ್ಟಿ ಹಾಯಿಸಬೇಕಾದರೆ ವೀರಶಿಖಾಮಣಿಯು ಸೊಂಟದ ಮೇಲಿನ ಮೈಯನ್ನು ಇಡಿಯಾಗಿ ತಿರುಗಿಸಬೇಕು. ಕುತ್ತಿಗೆ ಹಿಡಿದುಕೊಂಡವನ ಈ ಭಂಗಿಯೇ ತೆರೆಯ ಮೇಲೆ ಮಹಾಗಾಂಭೀರ್ಯವಾಗಿ ಶೋಭಿಸಿತು!

1989ರ ಜೂನಿನಲ್ಲಿ ಚಿತ್ರ ತೆರೆಕಂಡು ಭರ್ಜರಿ ಹಣ ಬಾಚಿತು. ಗದ್ದದ ಗೊಡವೆ ಯಾರಿಗೂ ಬೇಡವಾಯಿತು. 2013ರಲ್ಲಿ ಅದೇ ಪಾತ್ರಕ್ಕೆ ಬೆನ್ ಅಫ್ಲೆಕ್‌ನ ಹೆಸರು ಹೊರಬಿದ್ದಾಗ ಪುನಃ ಹುಯಿಲೆದ್ದಿತು. ಪಾಪ, ಆತನಿಗೆ ಎತ್ತರವೂ ಇತ್ತು, ಗದ್ದವೂ ಧಾರಾಳವಾಗಿತ್ತು. ಕೀಟನ್‌ನಂಥವನು ಇನ್ನೆಲ್ಲಿ ಸಿಕ್ಕಾನು ಎಂದು ಆಗ ನಿಟ್ಟುಸಿರಿಟ್ಟವರ ನಡುವೆ, ಹಿಂದೆ ಅಂಚೆಚೀಟಿಗೆ ದುಡ್ಡು ಸುರಿದ ಪುಣ್ಯಾತ್ಮರೂ ಇದ್ದಿರಬೇಕೆಂದು ನನ್ನ ಗುಮಾನಿ.