ಸರ್ಕಾರಿ ಸೀಟು ಬೇಕು, ಸರ್ಕಾರಿ ಬೆಡ್ಡು ಬೇಡ

ಮಗಳಿಗೆ ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕರೆ ಅಪ್ಪ ಇಡೀ ಬಡಾವಣೆಗೆ ಪೇಡ ಹಂಚುತ್ತಾನೆ. ಮಗಳು ವೈದ್ಯಕೀಯ ಕಲಿಯುವುದು ವಿಕ್ಟೋರಿಯಾ ಆಸ್ಪತ್ರೆಯಲ್ಲಿ. ಅದೇ ಅಪ್ಪನಿಗೆ ಎದೆ ಹಿಡಿದುಕೊಂಡರೆ ಕಾರು ವಿಕ್ಟೋರಿಯಾದ ಗೇಟು ದಾಟಿ ಮುಂದೆ ಹೋಗುತ್ತದೆ. ನಿಲ್ಲುವುದು ಒಳಗೆ ಕಾಫಿ ಅಂಗಡಿಯಿರುವ ಆಸ್ಪತ್ರೆಯ ಮುಂದೆ. ಅಲ್ಲಿ ನಾಡಿ ಹಿಡಿಯುವ ಡಾಕ್ಟರು ಓದಿದ್ದೆಲ್ಲಿ? ಅನೇಕ ಸಲ ಇಂಥದೇ ಸರ್ಕಾರಿ ವಾರ್ಡಿನಲ್ಲಿ. ಬಡವರ ಮೈಮೇಲೆ ಕೈ ಪಳಗಲಿ, ಪಳಗಿದ ಕೈ ನಮ್ಮ ಕಡೆ ಬರಲಿ.

ಹಾಗಾದರೆ ಜಯದೇವಕ್ಕೆ ಹೋಗುತ್ತೀರಲ್ಲ ಎಂದು ಕೇಳಿ ನೋಡಿ. "ಅಯ್ಯೋ, ಅದು ಸರ್ಕಾರಿ ಆಸ್ಪತ್ರೆ ಅಲ್ಲಾ ರೀ, ಜಯದೇವ!" ನಿಮ್ಹಾನ್ಸ್, ಕಿದ್ವಾಯಿಗೂ ಇದೇ ಉತ್ತರ. ಚೆನ್ನಾಗಿ ನಡೆದದ್ದನ್ನೆಲ್ಲ ಸರ್ಕಾರದ ಲೆಕ್ಕದಿಂದ ತೆಗೆದುಬಿಟ್ಟರೆ, ಸರ್ಕಾರಿ ಆಸ್ಪತ್ರೆಗಳೆಲ್ಲ ಕೆಟ್ಟವು ಎಂಬ ಮಾತು ಎಂದೂ ಸುಳ್ಳಾಗುವುದಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗೂ ಒಂದು ಉಪಯೋಗ ಸಿಕ್ಕಿತು. ತುರ್ತಲ್ಲದಿದ್ದರೆ ಈ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಲು ಅಲ್ಲಿಂದ ರೆಫರಲ್ ಚೀಟಿ ಬೇಕು. "ನೋಡೋದೇನೂ ಬೇಡ ಸಾರ್, ಬರೆದುಕೊಡಿ ಸಾಕು." ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ, ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜಿನ ಶೇ. 30 ಮಾತ್ರ. ಹೀಗಾಗಿ ಕಾರಿನಿಂದ ಇಳಿದವನು ಕೌಂಟರಿಗೆ ಬರುವಷ್ಟರಲ್ಲಿ ಬಡವನಾಗಿರುತ್ತಾನೆ.

ಸರ್ಕಾರವನ್ನೂ ಮೆಚ್ಚಬೇಕು, ಅದಕ್ಕೂ ತನ್ನ ಆಸ್ಪತ್ರೆಗಳ ಮೇಲೆ ನಮ್ಮಷ್ಟೇ ನಂಬಿಕೆ. ತನ್ನ ನೌಕರರು ಖಾಸಗಿ ಆಸ್ಪತ್ರೆಗೆ ಬರಿಗೈಯಲ್ಲಿ ಹೋಗಿ ಬರಲೆಂದು ಜ್ಯೋತಿ ಸಂಜೀವಿನಿ ಯೋಜನೆ ಮಾಡಿತು. ದೆಹಲಿಯವರು 2017ರ ಆರೋಗ್ಯ ನೀತಿಯಲ್ಲಿ, 2025ರ ಹೊತ್ತಿಗೆ ಜಿಡಿಪಿಯ ಶೇ. 2.5 ಆರೋಗ್ಯಕ್ಕೆ ಎಂದು ಬರೆದಿದ್ದರು. 2025 ಬಂತು, ಹೋಯಿತು. ಯಾರೂ ಧರಣಿ ಕೂರಲಿಲ್ಲ. ಕೂರಬಲ್ಲವರೆಲ್ಲ ಕಾಫಿ ಅಂಗಡಿಯಲ್ಲಿದ್ದರು.

ಆದರೆ ಗದ್ದೆ ಬದುವಿನ ಜಗಳ ನಡೆದ ರಾತ್ರಿ ನೋಡಬೇಕು. ಆಗ ಯಾವ ಖಾಸಗಿ ಆಸ್ಪತ್ರೆಯೂ ಬೇಡ. ಉಗುರು ತಾಗಿದ ಗೀರಿಗೂ ಎರಡು ಪಾರ್ಟಿಯವರೂ ಸರ್ಕಾರಿ ಆಸ್ಪತ್ರೆಯಲ್ಲೇ ಅಡ್ಮಿಟ್, ಎದುರುಬದುರು ಬೆಡ್ಡು. ಕೇಸಿಗೆ ವೂಂಡ್ ಸರ್ಟಿಫಿಕೇಟ್ ಬೇಕಲ್ಲ! ಗಾಯ ಮಾಯ್ದಿದೆ, ಮನೆಗೆ ಹೊರಡಿ ಎಂದರೆ ಡಾಕ್ಟರ ಕಾಲು ಹಿಡಿಯುತ್ತಾರೆ: "ಅವನಿನ್ನೂ ಆ ಬೆಡ್ಡಲ್ಲೇ ಮಲಗಿದಾನೆ ಸಾರ್, ನನ್ನನ್ನ ಹೆಂಗೆ ಕಳಿಸ್ತೀರಿ?"